ಬರಿಗಾಲಲ್ಲಿ ಓಡಿದರೆ ಭಾರ ಎಲ್ಲಿಗೆ ಹೋಗುತ್ತದೆ?

ಓಡುವಾಗ ಮಂಡಿ ನೋಯುತ್ತದೆ ಅಂತ ನಮ್ಮ ಕಡೆ ಯಾರಿಗಾದರೂ ಹೇಳಿ ನೋಡಿ. ಎರಡು ಬಗೆಯ ಉತ್ತರ ಬರುತ್ತದೆ. ಒಬ್ಬರು "ಒಳ್ಳೆ ಶೂ ತಗೋ ಮಾರಾಯ, ಹಿಮ್ಮಡಿಗೆ ದಪ್ಪ ಸ್ಪಂಜ್ ಇರುವಂಥದ್ದು" ಅನ್ನುತ್ತಾರೆ. ಇನ್ನೊಬ್ಬರು "ಶೂ ಬಿಚ್ಚಿ ಬಿಸಾಕು, ಬೀಚಲ್ಲಿ ಬರಿಗಾಲಲ್ಲಿ ಓಡು, ನಮ್ಮ ಅಜ್ಜಂದಿರು ಶೂ ಹಾಕಿದ್ರಾ?" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ತೊಂದರೆ ಆಗುವುದೂ ಅಲ್ಲೇ, ಯಾಕೆಂದರೆ ಅರ್ಧ ನಿಜ ನಂಬಿ ಮರುದಿನ ಬೆಳಿಗ್ಗೆಯೇ ಕಾರವಾರದ ಟಾಗೋರ್ ಬೀಚಿನಲ್ಲಿ ಐದು ಕಿಲೋಮೀಟರ್ ಬರಿಗಾಲಲ್ಲಿ ಓಡಿದವರು, ಅದರ ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿಯುತ್ತಾರೆ.

ಶೂ ಬಿಚ್ಚಿದರೆ ಕಾಲಿನ ಮೇಲಿನ ಭಾರ ಕಡಿಮೆ ಆಗುವುದಿಲ್ಲ. ಅದು ಬೇರೆ ಜಾಗಕ್ಕೆ ಹೋಗುತ್ತದೆ. ಅಡಿಕೆ ಮೂಟೆ ಹೊತ್ತವನು ಎಡ ಹೆಗಲಿಂದ ಬಲ ಹೆಗಲಿಗೆ ಬದಲಿಸಿದ ಹಾಗೆ: ಎಡ ಹೆಗಲಿಗೆ ಹಾಯೆನಿಸುತ್ತದೆ, ಮೂಟೆ ಮಾತ್ರ ಅಷ್ಟೇ ತೂಕ. ಹೊಸ ಹೆಗಲಿಗೆ ಅಭ್ಯಾಸ ಇದೆಯೋ ಇಲ್ಲವೋ ಅನ್ನುವುದೇ ನಿಜವಾದ ಪ್ರಶ್ನೆ. ಶೂ ಒಳ್ಳೆಯದಾ, ಬರಿಗಾಲು ಒಳ್ಳೆಯದಾ ಅನ್ನುವ ಜಗಳ ಆಮೇಲಿನದ್ದು.

ಕಾಲು ನೆಲ ಮುಟ್ಟುವಾಗ

ಓಡುವಾಗ ಎರಡೂ ಕಾಲು ಗಾಳಿಯಲ್ಲಿರುವ ಒಂದು ಕ್ಷಣ ಇರುತ್ತದೆ. ನಡಿಗೆಗೂ ಓಟಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಆ ಕ್ಷಣ ಮುಗಿದು ನೆಲಕ್ಕೆ ಬಂದಾಗ ಇಡೀ ಮೈ ಒಂದೇ ಕಾಲಿನ ಮೇಲೆ ಬೀಳುತ್ತದೆ. ನೆಲ ತಿರುಗಿ ಕೊಡುವ ಬಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು. ಅರವತ್ತು ಕಿಲೋ ತೂಗುವವರಿಗೆ ಪ್ರತಿ ಹೆಜ್ಜೆಗೂ 120ರಿಂದ 180 ಕಿಲೋ. ಒಂದು ಕಿಲೋಮೀಟರ್‌ಗೆ ಸಾವಿರಕ್ಕೂ ಜಾಸ್ತಿ ಹೆಜ್ಜೆ ಬೀಳುತ್ತದೆ. ನೀವೇ ಲೆಕ್ಕ ಹಾಕಿ.

ಈ ಬಲವನ್ನು ಪಾದದ ಯಾವ ಭಾಗ ಮೊದಲು ತೆಗೆದುಕೊಳ್ಳುತ್ತದೆ ಅನ್ನುವುದರ ಮೇಲೆ ಓಟಗಾರರನ್ನು ಮೂರು ಗುಂಪು ಮಾಡುತ್ತಾರೆ. ಹಿಮ್ಮಡಿ ಮೊದಲು ಊರುವವರು, ಇಡೀ ಪಾದ ಒಟ್ಟಿಗೆ ಊರುವವರು, ಬೆರಳುಗಳ ಬುಡದ ದಪ್ಪ ಭಾಗವನ್ನು ಮೊದಲು ಊರುವವರು. ಶೂ ಹಾಕಿ ಓಡುವವರಲ್ಲಿ ಹಿಮ್ಮಡಿಯವರೇ ಜಾಸ್ತಿ. 2009ರಲ್ಲಿ ಅಮೆರಿಕದ ಮ್ಯಾಂಚೆಸ್ಟರ್ ಸಿಟಿ ಮ್ಯಾರಥಾನ್‌ನಲ್ಲಿ 10 ಕಿ.ಮೀ. ಹತ್ತಿರ ಕ್ಯಾಮೆರಾ ಇಟ್ಟು ಸಾಮಾನ್ಯ ಓಟಗಾರರನ್ನು ಗಮನಿಸಿದಾಗ ಸುಮಾರು 89% ಜನ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು.

ಈಗ ಒಂದು ಸಣ್ಣ ಪ್ರಯೋಗ. ಮನೆಯ ಅಂಗಳದಲ್ಲಿ ಬರಿಗಾಲಲ್ಲಿ ನಿಂತಲ್ಲೇ ಕುಪ್ಪಳಿಸಿ. ಯಾರೂ ಹೇಳಿಕೊಡದಿದ್ದರೂ ಬೆರಳ ಬುಡದ ಮೇಲೆಯೇ ಇಳಿಯುತ್ತೀರಿ, ಆಮೇಲೆ ಹಿಮ್ಮಡಿ ಮೆಲ್ಲಗೆ ನೆಲ ತಾಗುತ್ತದೆ. ಇನ್ನೊಮ್ಮೆ ಬೇಕಂತಲೇ ಹಿಮ್ಮಡಿ ಮೇಲೆ ಇಳಿಯಿರಿ (ತೀರಾ ಮೆಲ್ಲಗೆ, ದಯವಿಟ್ಟು). ಹೊಡೆತ ತಲೆಯವರೆಗೂ ಹೋಗುತ್ತದೆ. ಹಿಮ್ಮಡಿ ಅಂದರೆ ಒಂದು ದಪ್ಪ ಮೂಳೆ, ಅದರ ಕೆಳಗೆ ಸ್ವಲ್ಪ ಕೊಬ್ಬು, ನೇರ ಮೇಲೆ ಮೊಣಕಾಲಿನ ಕೆಳಗಿನ ಮೂಳೆ. ನಡುವೆ ಬಾಗುವುದಕ್ಕೆ ಏನೂ ಇಲ್ಲ. ಬೆರಳ ಬುಡದ ಮೇಲೆ ಇಳಿದರೆ ಪಾದದ ಕೀಲು ಬಾಗುತ್ತದೆ, ಮೀನಖಂಡ ಎಳೆದುಕೊಳ್ಳುತ್ತದೆ, ಹೊಡೆತ ಹಂಚಿಹೋಗುತ್ತದೆ.

ಇದನ್ನೇ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು ಅಳೆದು ತೋರಿಸಿದರು. 2010ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕೆನ್ಯಾದ ರಿಫ್ಟ್ ಕಣಿವೆಯ ಕಲೆಂಜಿನ್ ಓಟಗಾರರು, ಅಮೆರಿಕದ ಓಟಗಾರರು, ಶೂ ಹಾಕಿ ಬೆಳೆದವರು, ಹಾಕದೆ ಬೆಳೆದವರು, ಹೀಗೆ ಹಲವರನ್ನು ಓಡಿಸಿ ನೋಡಿದರು. ಹಿಮ್ಮಡಿ ಮೊದಲು ಊರಿದಾಗ ಬಲದ ಗ್ರಾಫ್‌ನಲ್ಲಿ ಶುರುವಿನಲ್ಲೇ ಚೂಪಾಗಿ ಒಂದು ಏರು ಬರುತ್ತದೆ. ಪಾದದ ಮುಂಭಾಗ ಮೊದಲು ಊರಿದವರಲ್ಲಿ ಆ ಚೂಪು ಹೆಚ್ಚುಕಡಿಮೆ ಇರುವುದೇ ಇಲ್ಲ. ಶುರುವಿನಿಂದ ಬರಿಗಾಲಲ್ಲೇ ಓಡಿದವರು ಹೆಚ್ಚಾಗಿ ಮುಂಭಾಗದವರು. ಆ ಸಂಶೋಧನೆಗೆ ಬಂದ ಹಣದಲ್ಲಿ ಒಂದು ಪಾಲು ಬೆರಳುಬೆರಳಿನ ತೆಳು ಶೂ ಮಾಡುವ ವೈಬ್ರಮ್ ಕಂಪನಿಯದ್ದು. ಇದನ್ನು ಅವರೇ ಲೇಖನದಲ್ಲಿ ಹೇಳಿಕೊಂಡಿದ್ದಾರೆ, ಹಾಗಾಗಿ ಮುಚ್ಚುಮರೆ ಏನಿಲ್ಲ, ಆದರೂ ಗೊತ್ತಿದ್ದರೆ ಒಳ್ಳೆಯದು.

ಆಮೇಲೆ ಏನಾಯಿತು ಅಂದರೆ, ಜನ ಆ ಗ್ರಾಫ್ ನೋಡಿ "ಹಿಮ್ಮಡಿ ಕೆಟ್ಟದ್ದು, ಮುಂಭಾಗ ಒಳ್ಳೆಯದು" ಅಂತ ತೀರ್ಮಾನ ಮಾಡಿಬಿಟ್ಟರು. ಸಂಶೋಧಕರು ಗಾಯದ ಲೆಕ್ಕ ಹಾಕಿರಲೇ ಇಲ್ಲ, ಬರೀ ಬಲ ಅಳೆದಿದ್ದರು. 2013ರಲ್ಲಿ ಅದೇ ಕೆನ್ಯಾದ ಉತ್ತರ ತುದಿಯಲ್ಲಿರುವ ದಾಸನಾಚ್ ಜನರನ್ನು ಬೇರೊಂದು ತಂಡ ಗಮನಿಸಿತು. ಅವರೂ ಹುಟ್ಟಾ ಬರಿಗಾಲಿನವರು. ತಮಗೆ ಹಿತವಾದ ವೇಗದಲ್ಲಿ ಓಡುವಾಗ ಅವರಲ್ಲಿ 72% ಸಲ ಹಿಮ್ಮಡಿಯೇ ಮೊದಲು ಊರಿತ್ತು! ವೇಗ ಹೆಚ್ಚಿಸಿದಾಗ ಮಾತ್ರ ಹಿಮ್ಮಡಿ ಮೊದಲು ಊರುವುದು ಕಡಿಮೆಯಾಯಿತು. ಅಂದರೆ ಬರಿಗಾಲಲ್ಲಿ ಓಡುವವರೆಲ್ಲ ಒಂದೇ ರೀತಿ ಓಡುತ್ತಾರೆ ಅನ್ನುವುದು ಸುಳ್ಳು. ವೇಗ, ನೆಲ, ಅಭ್ಯಾಸ, ಮೂರೂ ಸೇರಿ ಕಾಲು ಹೇಗೆ ಊರಬೇಕು ಅಂತ ತೀರ್ಮಾನ ಮಾಡುತ್ತವೆ.

ನನ್ನ ಪ್ರಕಾರ ಪಾದದ ಯಾವ ಭಾಗ ಊರುತ್ತದೆ ಅನ್ನುವುದಕ್ಕಿಂತ, ಪಾದ ಎಲ್ಲಿ ಊರುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಕಾಲನ್ನು ಉದ್ದಕ್ಕೆ ಮುಂದೆ ಚಾಚಿ, ಮಂಡಿ ನೆಟ್ಟಗಿಟ್ಟು ಇಳಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆಯೇ. ಪಾದ ಸೊಂಟದ ಕೆಳಗೆ, ಮೈಗೆ ಹತ್ತಿರ ಬಿದ್ದರೆ ಹಿಮ್ಮಡಿ ಮೊದಲು ತಾಗಿದರೂ ದೊಡ್ಡ ತೊಂದರೆ ಇಲ್ಲ. ಇದಕ್ಕೆ ಸುಲಭ ದಾರಿ ಹೆಜ್ಜೆ ಗಿಡ್ಡ ಮಾಡಿ, ಸಂಖ್ಯೆ ಜಾಸ್ತಿ ಮಾಡುವುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2011ರಲ್ಲಿ ಪರೀಕ್ಷೆ ಮಾಡಿದಾಗ, ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆಯನ್ನು 5ರಿಂದ 10% ಹೆಚ್ಚಿಸಿದರೆ ಸಾಕು, ಮಂಡಿ ಮತ್ತು ಸೊಂಟದ ಕೀಲಿನ ಮೇಲಿನ ಕೆಲಸ ಕಡಿಮೆಯಾಗುವುದು ಕಂಡಿತು. ಶೂ ಬಿಚ್ಚಬೇಕಂತಲೂ ಇಲ್ಲ, ದುಡ್ಡು ಖರ್ಚೂ ಇಲ್ಲ. ಅರ್ಧ ನಿಮಿಷ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 156 ಬಂದರೆ 164ರಿಂದ 170ರ ಕಡೆ ಹೋಗಿ. ಎಲ್ಲರಿಗೂ 180 ಬರಲೇಬೇಕು ಅಂತ ಕೆಲವರು ಹೇಳುತ್ತಾರೆ, ಅದು ಒಲಿಂಪಿಕ್ಸ್ ಮಟ್ಟದ ಓಟಗಾರರನ್ನು ನೋಡಿ ಹುಟ್ಟಿದ ಸಂಖ್ಯೆ, ಸಂಜೆ ಆಫೀಸು ಮುಗಿಸಿ ಓಡುವ ನಮ್ಮಂಥವರಿಗೆ ಕಾನೂನಲ್ಲ.

ಬರಿಗಾಲಿನ ದೊಡ್ಡ ಗುಣವೂ ಇಲ್ಲೇ ಇದೆ. ಬರಿಗಾಲಲ್ಲಿ ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಕುಕ್ಕಿದರೆ ನೋಯುತ್ತದೆ. ನೋವೇ ಮೇಷ್ಟ್ರು. ದಪ್ಪ ಸೋಲ್ ಆ ಪಾಠವನ್ನು ಕೇಳದ ಹಾಗೆ ಮಾಡುತ್ತದೆ.

ಮಂಡಿಗೆ ಹಾಯಿ, ಮೀನಖಂಡಕ್ಕೆ ಬಾಕಿ

ಪಾದದ ಮುಂಭಾಗ ಊರಿ ಓಡಿದರೆ ಮಂಡಿಯ ಮೇಲಿನ ಒತ್ತಡ ಇಳಿಯುತ್ತದೆ, ಇದು ಹಲವು ಸಲ ಅಳೆದು ಕಂಡ ವಿಷಯ. ಅದಕ್ಕೆ ಸರಿಯಾಗಿ ಮೀನಖಂಡದ ಮೇಲೆ, ಹಿಮ್ಮಡಿಯ ಹಿಂದೆ ಹಗ್ಗದಂತೆ ಕೈಗೆ ಸಿಗುವ ಅಕಿಲೀಸ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಮೇಲೆ, ಬೆರಳುಗಳ ಹಿಂದಿನ ಉದ್ದ ಸಣ್ಣ ಮೂಳೆಗಳ ಮೇಲೆ ಒತ್ತಡ ಏರುತ್ತದೆ. ಓಡುವಾಗ ಅಕಿಲೀಸ್ ಟೆಂಡನ್ ಮೊದಲೇ ದೇಹದ ತೂಕದ ಆರು ಪಟ್ಟಿಗೂ ಮಿಕ್ಕಿ ಎಳೆತ ತಡೆಯುತ್ತಿರುತ್ತದೆ. ಅದಕ್ಕೆ ಇನ್ನಷ್ಟು ಸೇರಿಸುತ್ತಿದ್ದೇವೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಇಷ್ಟ, ಯಾಕೆಂದರೆ ಅದು ಎರಡೂ ಪಂಗಡಕ್ಕೆ ಪೂರ್ತಿ ಖುಷಿ ಕೊಡುವುದಿಲ್ಲ. ಆಲ್ಟ್‌ಮನ್ ಮತ್ತು ಡೇವಿಸ್ ಎಂಬ ಇಬ್ಬರು 201 ಓಟಗಾರರನ್ನು ಒಂದು ವರ್ಷ ಹಿಂಬಾಲಿಸಿದರು. 107 ಜನ ಬರಿಗಾಲು, 94 ಜನ ಶೂ. ಒಟ್ಟು ಗಾಯಗಳು ಬರಿಗಾಲಿನವರಲ್ಲಿ ಕಡಿಮೆ ಇದ್ದವು. ಆದರೆ ಅವರು ಓಡಿದ ದೂರವೂ ಕಡಿಮೆ. ದೂರಕ್ಕೆ ಹೋಲಿಸಿದರೆ ಎರಡೂ ಗುಂಪಿನ ಗಾಯದ ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗಾಯದ ಜಾಗ ಮಾತ್ರ ಬೇರೆ ಬೇರೆ. ಬರಿಗಾಲಿನವರಿಗೆ ಮೀನಖಂಡ ಮತ್ತು ಅಂಗಾಲಿನ ಚರ್ಮದ ಗಾಯ ಜಾಸ್ತಿ, ಶೂನವರಿಗೆ ಮಂಡಿ, ಸೊಂಟದ ತೊಂದರೆ ಜಾಸ್ತಿ. ಮೂಟೆ ಹೆಗಲು ಬದಲಿಸಿದೆ, ಅಷ್ಟೇ.

ಹಾಗಾಗಿ ಮಂಡಿಯ ಮುಂಭಾಗ ಪದೇ ಪದೇ ನೋಯುವವರಿಗೆ ಕಾಲೂರುವ ರೀತಿ ಬದಲಿಸುವುದು ಯೋಚಿಸಬೇಕಾದ ವಿಷಯ. ಅಕಿಲೀಸ್ ಹಳೇ ತೊಂದರೆ ಇರುವವರಿಗೆ, ಮೀನಖಂಡ ಆಗಾಗ ಹಿಡಿದುಕೊಳ್ಳುವವರಿಗೆ ಇದು ಬೇಡದ ಸಾಹಸ. ಏನೂ ನೋವಿಲ್ಲದೆ ಹಿಮ್ಮಡಿ ಊರಿಯೇ ವರ್ಷಗಟ್ಟಲೆ ಓಡಿಕೊಂಡಿರುವವರು ಯಾಕೆ ಬದಲಿಸಬೇಕು? ನನಗಂತೂ ಒಂದು ಕಾರಣವೂ ಹೊಳೆಯುವುದಿಲ್ಲ.

ಬರಿಗಾಲಿನ ಮಾತು ಬಂದಾಗಲೆಲ್ಲ ಅಬೆಬೆ ಬಿಕಿಲಾ ಹೆಸರು ಬರುತ್ತದೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಈ ಇಥಿಯೋಪಿಯಾದವನು ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದ. ಸಿಕ್ಕ ಶೂ ಕಾಲಿಗೆ ಸರಿಹೋಗಿರಲಿಲ್ಲ, ಬರಿಗಾಲಲ್ಲಿ ಓಡಿ ಅಭ್ಯಾಸ ಮೊದಲೇ ಇತ್ತು. ಕತೆಯ ಎರಡನೇ ಭಾಗ ಹೇಳುವವರು ಕಡಿಮೆ. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಚಿನ್ನ ಗೆದ್ದ.

ನಮ್ಮ ಅಜ್ಜಂದಿರ ಕಾಲು, ನಮ್ಮ ಕಾಲು

"ನಮ್ಮ ಹಿರಿಯರು" ಅನ್ನುವ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಂಕೋಲಾದ ಹಾಲಕ್ಕಿ ಸಮುದಾಯದ ಹೆಂಗಸರು ತಲೆಹೊರೆ ಹೊತ್ತು ಬರಿಗಾಲಲ್ಲಿ ಮೈಲಿಗಟ್ಟಲೆ ನಡೆದ ಜನ. ಅವರಲ್ಲೊಬ್ಬರಾದ ಹೊನ್ನಳ್ಳಿಯ ತುಳಸಿ ಗೌಡ ಅವರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗಲೂ ಬರಿಗಾಲಲ್ಲೇ ಹೋಗಿದ್ದರು, ಆ ಫೋಟೊ ನೀವೂ ನೋಡಿರುತ್ತೀರಿ. ಘಟ್ಟದ ಮೇಲೆ ಸಿರಸಿ ಕಡೆ ಕೊನೆಗೌಡರು ಅಡಿಕೆ ಮರ ಹತ್ತುವಾಗ ಅವರ ಕಾಲ ಬೆರಳು ಗಮನಿಸಿ, ಒಂದಕ್ಕೊಂದು ತಾಗದಂತೆ ಬಿಡಿಸಿಕೊಂಡಿರುತ್ತವೆ. ಶೂವಿನಲ್ಲಿ ಬೆಳೆದ ಪಾದದ ಬೆರಳುಗಳು ಮುದುಡಿಕೊಂಡಿರುತ್ತವೆ.

ಇದಕ್ಕೆ ಪುರಾವೆ ನಮ್ಮ ಕರಾವಳಿಯಿಂದಲೇ ಇದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದರು. ಚಪ್ಪಲಿ-ಶೂ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6%, ಬರಿಗಾಲಿನ ಮಕ್ಕಳಲ್ಲಿ 2.8%. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಪಾದದ ಕಮಾನು ಗಟ್ಟಿಯಾಗುವುದು ಚಿಕ್ಕ ವಯಸ್ಸಿನಲ್ಲಿ, ಆಗ ಕಾಲಿಗೆ ಕೆಲಸ ಸಿಗಬೇಕು. ಮಕ್ಕಳು ಅಂಗಳದಲ್ಲಿ, ಮರಳಲ್ಲಿ ಬರಿಗಾಲಲ್ಲಿ ಆಡಿದರೆ ಬೈಯಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಂಗಾಲಿನ ದಪ್ಪ ಚರ್ಮದ ಬಗ್ಗೆಯೂ ಒಂದು ಸೊಗಸಾದ ವಿಷಯ ಗೊತ್ತಾಗಿದೆ. ದಡ್ಡುಗಟ್ಟಿದ ಕಾಲಿಗೆ ಸ್ಪರ್ಶ ಗೊತ್ತಾಗುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. 2019ರಲ್ಲಿ ಕೆನ್ಯಾದಲ್ಲಿ ನಡೆಸಿದ ಅಧ್ಯಯನವೊಂದು, ಅಂಗಾಲು ದಪ್ಪವಾದರೂ ಸೂಕ್ಷ್ಮ ಕಳೆದುಕೊಳ್ಳುವುದಿಲ್ಲ ಎಂದು ತೋರಿಸಿತು. ಗಡಸು ಚರ್ಮ ಅದುರನ್ನು ಒಳಗೆ ದಾಟಿಸುತ್ತದೆ, ಸ್ಪಂಜಿನ ಸೋಲ್ ಅದನ್ನು ನುಂಗಿಬಿಡುತ್ತದೆ.

ಆದರೆ ಹಿರಿಯರ ವಾದದಲ್ಲಿ ಎರಡು ತೂತು ಇವೆ. ಅವರು ನಡೆದರು, ನಾವು ಓಡುತ್ತಿದ್ದೇವೆ. ಇನ್ನೊಂದು, ಅವರು ನಡೆಯಲು ಕಲಿತ ದಿನದಿಂದ ಬರಿಗಾಲಿನವರು. ನಾವು ನರ್ಸರಿಯಿಂದ ಶೂ ಹಾಕಿ, ಮೂವತ್ತೈದನೇ ವಯಸ್ಸಿನಲ್ಲಿ ಒಂದು ವಿಡಿಯೋ ನೋಡಿ ಶೂ ಬಿಚ್ಚುತ್ತಿದ್ದೇವೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಿಗೆ ನಮ್ಮ ಉತ್ಸಾಹದ ಸುದ್ದಿ ತಲುಪಿರುವುದಿಲ್ಲ.

ಮೂಳೆಗೆ ಬೇಕಾದ ಸಮಯ

ದೇಹದ ಎಲ್ಲ ಭಾಗವೂ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಸ್ನಾಯು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಟೆಂಡನ್‌ಗೆ ತಿಂಗಳುಗಳು ಬೇಕು. ಮೂಳೆಯ ವಿಷಯ ಇನ್ನೂ ವಿಚಿತ್ರ. ಹೊಸ ಒತ್ತಡ ಬಿದ್ದಾಗ ಮೂಳೆ ಮೊದಲು ದಣಿದ ಭಾಗವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ತೆಗೆಯುವುದು ಬೇಗ, ಕಟ್ಟುವುದು ನಿಧಾನ. ಹಾಗಾಗಿ ನಡುವೆ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ ಆಗಿರುತ್ತದೆ. ಸರಿಯಾಗಿ ಅದೇ ಸಮಯಕ್ಕೆ ಮೀನಖಂಡದ ನೋವು ಹೋಗಿ, "ಆಹಾ, ಕಾಲು ಒಗ್ಗಿಕೊಂಡಿತು" ಅಂತ ನಾವು ದೂರ ಹೆಚ್ಚಿಸಿರುತ್ತೇವೆ. ಸ್ನಾಯು ಸರಿ ಅಂದಿದೆ, ಮೂಳೆ ಇನ್ನೂ ಹೂಂ ಅಂದಿಲ್ಲ. ಬರಿಗಾಲು ಕಲಿಯುವವರಿಗೆ ಆಗುವ ಸ್ಟ್ರೆಸ್ ಫ್ರ್ಯಾಕ್ಚರ್‌ಗಳ (ಪದೇ ಪದೇ ಬಿದ್ದ ಒತ್ತಡಕ್ಕೆ ಮೂಳೆಯಲ್ಲಿ ಬೀಳುವ ಸಣ್ಣ ಬಿರುಕು) ಹಿಂದೆ ಹೆಚ್ಚಾಗಿ ಇರುವುದು ಈ ಗಡಿಬಿಡಿ.

2013ರಲ್ಲಿ ಸಾರಾ ರಿಡ್ಜ್ ಮತ್ತು ಸಂಗಡಿಗರು ಇದನ್ನು ಎಂಆರ್‌ಐ ಮಾಡಿ ನೋಡಿದರು. ಅನುಭವಿ ಓಟಗಾರರನ್ನೇ ತೆಗೆದುಕೊಂಡು, ಅರ್ಧ ಜನಕ್ಕೆ ಹತ್ತು ವಾರಗಳಲ್ಲಿ ಮೆಲ್ಲಗೆ ತೆಳು ಶೂಗೆ ಬದಲಾಗಲು ಹೇಳಿದರು. ಕೊನೆಗೆ ತೆಳು ಶೂನ 19 ಜನರಲ್ಲಿ 10 ಜನರ ಪಾದದ ಮೂಳೆಯೊಳಗೆ ಊತ ಕಂಡಿತು. ಮಾಮೂಲಿ ಶೂನ 17 ಜನರಲ್ಲಿ ಒಬ್ಬರಿಗೆ ಮಾತ್ರ. ಹತ್ತು ವಾರ ಅಂದರೆ ಎರಡೂವರೆ ತಿಂಗಳು ಹತ್ತಿರ, ಅದೂ ಸಾಲಲಿಲ್ಲ ಅಂದರೆ ಒಂದು ವಾರದಲ್ಲಿ ಬದಲಾಯಿಸುವವರ ಗತಿ ಏನು? ಮುಂದಿನ ವರ್ಷ, 2014ರಲ್ಲಿ, ತನ್ನ ತೆಳು ಶೂ ಆರೋಗ್ಯಕ್ಕೆ ಒಳ್ಳೆಯದು ಎಂಬ ಜಾಹೀರಾತಿನ ವಿರುದ್ಧದ ಮೊಕದ್ದಮೆಯಲ್ಲಿ ವೈಬ್ರಮ್ ಕಂಪನಿ 37.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆಯೇ. ಆ ತೆಳು ಶೂಗಳ ಹುಚ್ಚು ಆಮೇಲೆ ಇಳಿಯಿತು. ಮಾರುಕಟ್ಟೆ ಈಗ ತದ್ವಿರುದ್ಧ ದಿಕ್ಕಿಗೆ, ನಾಲ್ಕು ಸೆಂಟಿಮೀಟರ್ ದಪ್ಪದ ಸೋಲ್ ಕಡೆಗೆ ಓಡಿದೆ.

ಇದರರ್ಥ ಬರಿಗಾಲು ಬೇಡ ಅಂತಲ್ಲ. ಅವಸರ ಬೇಡ, ಅಷ್ಟೇ. ಮೊದಲ ಒಂದೆರಡು ತಿಂಗಳು ಬರಿಗಾಲಲ್ಲಿ ಸುಮ್ಮನೆ ನಡೆಯಿರಿ, ಮನೆಯೊಳಗೂ ಹೊರಗೂ. ಹಲ್ಲುಜ್ಜುವಾಗ ಒಂದು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಮೇಲೆತ್ತಿ ಮೆಲ್ಲಗೆ ಇಳಿಸಿ, ಮೀನಖಂಡಕ್ಕೂ ಟೆಂಡನ್‌ಗೂ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಆಮೇಲೆ ಮಾಮೂಲಿ ಶೂ ಓಟದ ಕೊನೆಗೆ ಐದು ನಿಮಿಷ ಬರಿಗಾಲ ಓಟ, ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ ಎರಡು ದಿನ ಬಿಡುವು. ಎರಡು ವಾರ ತೊಂದರೆ ಇಲ್ಲದಿದ್ದರೆ ಮಾತ್ರ ಎರಡು-ಮೂರು ನಿಮಿಷ ಜಾಸ್ತಿ. ಆರು ತಿಂಗಳು ಹಿಡಿದರೆ ಹಿಡಿಯಲಿ. ಬರಿಗಾಲಿನ ನಿಮಿಷ ಹೆಚ್ಚಿಸಿದ ವಾರ ಒಟ್ಟು ದೂರ ಹೆಚ್ಚಿಸಬೇಡಿ, ವೇಗವನ್ನಂತೂ ಮುಟ್ಟಲೇಬೇಡಿ. ತೂಕ ಜಾಸ್ತಿ ಇರುವವರು ಇನ್ನೂ ನಿಧಾನ ಹೋಗಬೇಕು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೆಳು ಶೂನ ಗಾಯದ ಅಪಾಯ ಸುಮಾರು 71 ಕಿಲೋ ದಾಟಿದ ಮೇಲೆ ಏರುತ್ತಾ ಹೋಗಿತ್ತು.

ಬೆರಳ ಬುಡದ ಮೇಲೆ ಇಳಿಯಬೇಕು ಅಂತ ಕೆಲವರು ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸುವುದೇ ಇಲ್ಲ, ಬೆಕ್ಕಿನ ಹೆಜ್ಜೆ ಇಡುತ್ತಾ ಓಡುತ್ತಾರೆ. ಮೀನಖಂಡ ಹರಿದುಕೊಳ್ಳಲು ಅದೇ ಹತ್ತಿರದ ದಾರಿ. ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲ ಮುಟ್ಟಬೇಕು, ಮೊದಲು ಮುಟ್ಟುವುದು ಬೇಡ, ಅಷ್ಟೇ.

ಎಲ್ಲಿ ಓಡುವುದು?

ಬೀಚು ಅಂದ ತಕ್ಷಣ ಎಲ್ಲರ ಕಣ್ಣಮುಂದೆ ಮೆತ್ತಗಿನ ಒಣ ಮರಳು ಬರುತ್ತದೆ, ಕಾಲಿಗೆ ಒಳ್ಳೆಯದು ಅನಿಸುತ್ತದೆ. ಆದರೆ ಹೊಸಬರಿಗೆ ಅದೇ ಕೆಟ್ಟ ಜಾಗ. ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು, ಹಿಮ್ಮಡಿ ಹೂತುಹೋಗಿ ಅಕಿಲೀಸ್ ಟೆಂಡನ್ ಪ್ರತಿ ಹೆಜ್ಜೆಗೂ ಅತಿಯಾಗಿ ಎಳೆಯುತ್ತದೆ. ನಮಗೆ ಬೇಕಾದ್ದು ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಒದ್ದೆ ಗಟ್ಟಿ ಮರಳಿನ ಪಟ್ಟಿ. ಇಳಿತ ದಿನಕ್ಕೆ ಎರಡು ಸಲ, ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಇದ್ದರೆ ನಾಳೆ 7ರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ, ಪಟ್ಟಿ ಅಗಲವಾಗಿ ಸಿಗುತ್ತದೆ. ಗೊತ್ತಾಗದಿದ್ದರೆ ದಡದಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಕೇಳಿ, ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ಹೇಳುತ್ತಾರೆ.

ಒದ್ದೆ ಮರಳಿನ ಇನ್ನೊಂದು ಲಾಭ, ಹೆಜ್ಜೆ ಗುರುತು ಉಳಿಯುತ್ತದೆ. ತಿರುಗಿ ಬರುವಾಗ ನಿಮ್ಮದೇ ಗುರುತು ನೋಡಿ. ಹಿಮ್ಮಡಿಯ ಕಡೆ ಆಳವಾದ ಗುಳಿ ಇದ್ದರೆ ಕುಕ್ಕುತ್ತಿದ್ದೀರಿ ಅಂತ ಅರ್ಥ. ಮುಂಭಾಗದ ಗುಳಿ ನೋಡಿ ಮೋಸಹೋಗಬೇಡಿ, ಅದು ನೆಲ ಒದೆಯುವಾಗ ಎಲ್ಲರಿಗೂ ಬೀಳುತ್ತದೆ.

ಒಂದು ಎಚ್ಚರ: ಕಡಲತೀರ ಸಪಾಟಲ್ಲ, ನೀರಿನ ಕಡೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ. ಸೊಂಟಕ್ಕೆ, ಮಂಡಿಯ ಹೊರಬದಿಗೆ ಇದು ಆಗಿಬರುವುದಿಲ್ಲ. ಅರ್ಧ ದೂರ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮಳೆಗಾಲದಲ್ಲಿ ಅಲೆ ಮರಳು ಕೊಚ್ಚಿಕೊಂಡು ಹೋಗಿ ದಡ ಕಡಿದಾಗಿರುತ್ತದೆ. ಆ ನಾಲ್ಕು ತಿಂಗಳು ಬೀಚನ್ನು ಮರೆತುಬಿಡಿ.

ಘಟ್ಟದ ಮೇಲಿನವರಿಗೆ ಶಾಲೆಯ ಮೈದಾನವೇ ಬೀಚು. ಹುಲ್ಲು ನೋಡಲು ಮೆತ್ತಗೆ, ಒಳಗೆ ಏನಿದೆ ಅಂತ ಕಾಣುವುದಿಲ್ಲ, ಹಾಗಾಗಿ ಚೊಕ್ಕ ಮಣ್ಣು ನೆಲ ಮೇಲು. ಚಿರೆಕಲ್ಲಿನ ಜಲ್ಲಿ ಹಾಸಿದ ದಾರಿ ಆರಂಭದವರಿಗೆ ಆಗದು. ದೇವಿಮನೆ ಘಟ್ಟದಂಥ ಇಳಿಜಾರಿನಲ್ಲಿ ಬರಿಗಾಲಲ್ಲಿ ಇಳಿದು ಓಡುವ ಆಸೆ ಇದ್ದರೆ, ಒಂದು ವರ್ಷ ಕಾಯಿರಿ. ನಯವಾದ ಡಾಂಬರು ರಸ್ತೆ ಬೆಳಿಗ್ಗೆ ಬೇಗ ಪರವಾಗಿಲ್ಲ. ಏಪ್ರಿಲ್-ಮೇ ಬಿಸಿಲಲ್ಲಿ ಅಂಗಾಲು ಸುಟ್ಟು ಬೊಬ್ಬೆ ಬರುತ್ತದೆ.

ಮೂಳೆ-ಟೆಂಡನ್ ಬಿಟ್ಟು ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಕೆಲವು ಅಪಾಯಗಳಿವೆ. ಮೀನುಗಾರಿಕೆ ದೋಣಿ ನಿಲ್ಲುವ ಜಾಗದ ಆಸುಪಾಸಿನಲ್ಲಿ ಗಾಳದ ಕೊಕ್ಕೆ, ಮೀನಿನ ಮುಳ್ಳು, ಬಲೆಯ ತುಂಡು ಇರುತ್ತವೆ. ಬಂಡೆಗಳ ಹತ್ತಿರ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಒಡೆದ ಬಾಟಲಿಯ ಬಗ್ಗೆ ಹೇಳುವುದೇ ಬೇಡ, ಪ್ರವಾಸಿಗರು ಬಂದುಹೋದ ಭಾನುವಾರದ ಮರುದಿನ ಬರಿಗಾಲು ಬೇಡವೇ ಬೇಡ. ಪಾದ ಮುಳುಗುವ ನೀರಿನಲ್ಲಿ ಓಡುವ ಖುಷಿ ಬಿಡಿ, ಮರಳಲ್ಲಿ ಹುದುಗಿ ಕೂತ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ದಿನವಿಡೀ ಒದ್ದಾಡಬೇಕಾಗುತ್ತದೆ. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಸ್ವಚ್ಛತೆಗೆ ಅಲ್ಲಿ ಬೆಲೆ ಇದೆ. ಟೆಟನಸ್ ಚುಚ್ಚುಮದ್ದು ಯಾವಾಗ ತೆಗೆದುಕೊಂಡಿದ್ದೀರಿ ಅಂತ ನೆನಪಾಗದಿದ್ದರೆ ಮೊದಲು ಅದನ್ನು ಹಾಕಿಸಿಕೊಳ್ಳಿ.

ಕಾಡಿನ ದಾರಿಯ ಬಗ್ಗೆ ನನ್ನ ಮಾತು ಸ್ವಲ್ಪ ಖಡಕ್. ಸಿದ್ದಾಪುರ, ಸಿರಸಿ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಅದನ್ನು ಹರಡುವ ಉಣುಗು ಕಾಲಿನಿಂದಲೇ ಹತ್ತುವುದು. ಅಲ್ಲಿ ಬರಿಗಾಲು ಬೇಡ, ಉದ್ದ ಕಾಲುಚೀಲ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ. ಮಳೆಗಾಲದಲ್ಲಿ ಗದ್ದೆ ಬದು, ಕೆಸರು ನೀರು ತುಂಬಿದ ದಾರಿಯಲ್ಲಿ ಕಾಲಿನ ಸಣ್ಣ ಗಾಯದಿಂದ ಇಲಿಜ್ವರ ಒಳಗೆ ಹೋಗಬಹುದು. ಇಂಬಳ ಅವೆರಡರ ಎದುರು ಪಾಪದ ಪ್ರಾಣಿ.

ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿರುವವರಿಗೆ ಬರಿಗಾಲ ಓಟ ಸಂಪೂರ್ಣ ನಿಷಿದ್ಧ. ಗಾಯ ಆದದ್ದೇ ತಿಳಿಯುವುದಿಲ್ಲ, ತಿಳಿಯುವಾಗ ತಡವಾಗಿರುತ್ತದೆ.

ತೆಳು ಶೂ ಎಂಬ ನಡುದಾರಿ

ಮಿನಿಮಲಿಸ್ಟ್ ಶೂ ಅಂದರೆ ಹಗುರ, ತೆಳು, ಸುಲಭವಾಗಿ ಸುರುಳಿ ಸುತ್ತುವಂಥ, ಬೆರಳಿಗೆ ಜಾಗ ಇರುವ ಶೂ. ಹಿಮ್ಮಡಿಯ ದಪ್ಪಕ್ಕೂ ಮುಂಭಾಗದ ದಪ್ಪಕ್ಕೂ ಇರುವ ವ್ಯತ್ಯಾಸ ಮಾಮೂಲಿ ಶೂಗಳಲ್ಲಿ 10ರಿಂದ 12 ಮಿಲಿಮೀಟರ್, ಇವುಗಳಲ್ಲಿ ಸೊನ್ನೆಯಿಂದ ನಾಲ್ಕು. ನಾವು ಶಾಲೆಗೆ ಶನಿವಾರ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಕ್ಯಾನ್ವಾಸ್ ಶೂ ಈ ಲೆಕ್ಕದಲ್ಲಿ ಬಹಳ ಹತ್ತಿರ ಬರುತ್ತದೆ, ಬೆರಳ ಕಡೆ ಇಕ್ಕಟ್ಟು ಅನ್ನುವುದೊಂದೇ ಕೊರತೆ. ಒಂದು ಸೈಜ್ ದೊಡ್ಡದು ತೆಗೆದುಕೊಂಡು ಪ್ರಯೋಗ ಮಾಡಲು ಅಡ್ಡಿಯಿಲ್ಲ, ಹತ್ತು ಸಾವಿರದ ಶೂ ಆಮೇಲೆ ನೋಡಿಕೊಳ್ಳಬಹುದು.

ತೆಳು ಶೂನಲ್ಲಿ ಒಂದು ಮೋಸ ಇದೆ. ಬರಿಗಾಲಾದರೆ ಎರಡು ಕಿಲೋಮೀಟರ್‌ಗೆ ಚರ್ಮ ಉರಿದು "ಸಾಕು" ಅನ್ನುತ್ತದೆ, ಒಳಗಿನ ಮೂಳೆ ಬಚಾವ್. ತೆಳು ಶೂ ಚರ್ಮವನ್ನು ಕಾಪಾಡುತ್ತದೆ, ಮೂಳೆಯನ್ನು ಕಾಪಾಡುವುದಿಲ್ಲ, ಹಾಗಾಗಿ ಎಚ್ಚರಿಕೆಯ ಗಂಟೆ ಬಾರಿಸದೆ ಏಳು-ಎಂಟು ಕಿಲೋಮೀಟರ್ ಓಡಿಬಿಡುತ್ತೇವೆ. ಶುರುವಿಗೆ ನಾನು ಪೂರ್ತಿ ಬರಿಗಾಲನ್ನೇ ಹೇಳುವುದು ಇದೇ ಕಾರಣಕ್ಕೆ.

ಕೊನೆಗೆ, ಯಾವ ನೋವಿಗೆ ಹೆದರಬೇಕು? ಓಡಿದ ಮರುದಿನ ಎರಡೂ ಮೀನಖಂಡ ಬಿಗಿದುಕೊಂಡು, ಎರಡು ದಿನದಲ್ಲಿ ಬಿಟ್ಟರೆ ಅದು ಮಾಮೂಲಿ. ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿಯ ಹಿಂದಿನ ಟೆಂಡನ್ ಗಟ್ಟಿಯಾಗಿ ನೋಯುತ್ತಿದ್ದು, ದಿನ ಕಳೆದಂತೆ ಇನ್ನೂ ಜಾಸ್ತಿ ಆಗುತ್ತಿದ್ದರೆ ಬರಿಗಾಲಿನ ನಿಮಿಷ ಅರ್ಧಕ್ಕೆ ಇಳಿಸಿ. ಪಾದದ ಮೇಲ್ಭಾಗದಲ್ಲಿ, ಒಂದೇ ಬೆರಳ ತುದಿಯಿಂದ ಒತ್ತಿ ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ, ನಡೆಯುವಾಗಲೂ ಇದ್ದರೆ, ಓಟ ಅವತ್ತೇ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಸ್ಟ್ರೆಸ್ ಫ್ರ್ಯಾಕ್ಚರ್ ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಹಾಗಾಗಿ ಎಕ್ಸ್‌ರೇ ಸರಿ ಇದೆ, ನೋವು ಮಾತ್ರ ಹಾಗೇ ಇದೆ ಅಂದರೆ ಮತ್ತೆ ಓಡಲು ಶುರು ಮಾಡಬೇಡಿ, ಎಂಆರ್‌ಐ ಬೇಕಾ ಅಂತ ಡಾಕ್ಟರನ್ನೇ ಕೇಳಿ.